ಬೆಂಚಿನ ಅಪ್ಪಣೆ

"ಹೆಡ್ಮಾಸ್ಟರು ಹೋಗಿಬಿಟ್ರು," ಎಂದು ಶಾಲೆಯ ಜವಾನ ಬಾಗಿಲಲ್ಲಿ ನಿಂತು ಹೇಳಿದಾಗ ಬೈಂಡರ ಎರಡೂ ಕೈಗಳು ಅಂಟಿನಲ್ಲಿದ್ದವು. ಬೆನ್ನು ಕಳಚಿದ ದಪ್ಪ ನಿಘಂಟೊಂದಕ್ಕೆ ಹೊಸ ಬಟ್ಟೆ ಕೂಡಿಸುತ್ತಿದ್ದರು. ಅಂಟು ಹಸಿಯಿರುವಾಗ ಕೈಬಿಟ್ಟರೆ ಬಟ್ಟೆ ಸುಕ್ಕುಗಟ್ಟುತ್ತದೆ. ಅದಕ್ಕೇ ತಲೆಯೆತ್ತದೆ, "ಎಲ್ಲಿಗೆ, ಇಷ್ಟು ಬೆಳಿಗ್ಗೆ?" ಎಂದರು.

ಜವಾನ ತಲೆಯ ಮೇಲಿನ ಟೊಪ್ಪಿಗೆ ತೆಗೆದು ಎದೆಗೆ ಹಿಡಿದುಕೊಂಡ. ಆಗ ಬೈಂಡರು ತಲೆಯೆತ್ತಿ ನೋಡಿದರು. ನೋಡಿದವರು ಮತ್ತೆ ಬಗ್ಗಿ, ಬಟ್ಟೆಯ ಅಂಚನ್ನು ಮೂಳೆಯ ಪಟ್ಟಿಯಿಂದ ಕೊನೆಯವರೆಗೂ ಒತ್ತಿ, ಪುಸ್ತಕವನ್ನು ಎರಡು ಹಲಗೆಗಳ ನಡುವೆ ಇಟ್ಟು ಪ್ರೆಸ್ಸಿನ ತಿರುಪು ಬಿಗಿದರು. ಆಮೇಲೆ ಕೇಳಿದರು:

"ಹೇಗೆ?"

"ಗಡ್ಡ ಬೋಳಿಸ್ಕೊಳ್ತಾ ಇದ್ರಂತೆ, ಕನ್ನಡಿ ಮುಂದೆ. ಎದೆ ಹಿಡ್ಕೊಂಡು ಸ್ಟೂಲ್ ಮೇಲೆ ಕೂತ್ರಂತೆ, ಅಷ್ಟೇ. ಡಾಕ್ಟ್ರು ಬರೋಷ್ಟರಲ್ಲಿ ಮುಗಿದಿತ್ತು. ಮೊದಲು ನಿಮಗೇ ಹೇಳಿ ಬಾ ಅಂದ್ರು ಅಮ್ಮಾವ್ರು. ಕಾರ್ಯದರ್ಶಿಗಳ ಮನೆಗೂ ಇನ್ನೂ ಹೋಗಿಲ್ಲ ನಾನು."

"ಮೊದಲು ನನಗಾ?"

"ಮತ್ತೆ ಯಾರಿಗೆ? ನಿಮ್ಮಷ್ಟು ಹತ್ತಿರದವ್ರು ಯಾರಿದ್ದಾರೆ ಅವ್ರಿಗೆ?"

ಜವಾನ ಸೈಕಲ್ ಹತ್ತಿ ಹೋದ ಮೇಲೆ ಬೈಂಡರು ಕೊಳಾಯಿಯ ಕೆಳಗೆ ಕೈ ಹಿಡಿದು ನಿಂತರು. ಗೆಳೆಯ ಸತ್ತನೆಂದು ಕೇಳಿದ ಮನುಷ್ಯನಿಗೆ ಮೊದಲು ಬರಬೇಕಾದದ್ದು ಅಳು. ಅದು ಬರಲಿಲ್ಲ. ಬಂದದ್ದು ಒಂದೇ ಪ್ರಶ್ನೆ: ಇನ್ನು ಅವಳಿಗೆ ನಿಜ ಹೇಳುವವರು ಯಾರು? ಹೆಣ ಇನ್ನೂ ಆರಿಲ್ಲ, ನಾನು ನನ್ನ ಲಾಭ ಹುಡುಕುತ್ತಿದ್ದೇನಲ್ಲ ಎಂದು ಅವರಿಗೆ ತಮ್ಮ ಮೇಲೆಯೇ ಅಸಹ್ಯವಾಯಿತು. ಆದರೂ ಪ್ರಶ್ನೆ ಹೋಗಲಿಲ್ಲ. ಅಂಟು ಹೋದ ಮೇಲೂ ಕೈ ಉಜ್ಜುತ್ತಲೇ ಇದ್ದರು.

ಅವಳೆಂದರೆ ಮೊಮ್ಮಗಳು. ಅಂಬೆಗಾಲಿಡುವ ವಯಸ್ಸಿನಲ್ಲೇ ನೆಲದ ಮೇಲೆ ಕಂಡ ಮೊಳೆ, ಸ್ಕ್ರೂ, ತಂತಿಯ ತುಂಡು ಎಲ್ಲವನ್ನೂ ಹೊತ್ತುಕೊಂಡು ಹೋಗಿ ಮಂಚದ ಕೆಳಗೆ ಪೇರಿಸುತ್ತಿದ್ದಳೆಂದು ಮನೆಯಲ್ಲಿ ಅವಳಿಗೆ ಇರುವೆ ಎಂದೇ ಹೆಸರು. ಈಗ ಒಂಬತ್ತನೆಯ ತರಗತಿ. ತಾತನ ಬೆನ್ನಿಗಂಟಿಕೊಂಡೇ ಬೆಳೆದ ಆ ಹುಡುಗಿ ಈಚೆಗೆ ತಾತ ತನಗೆ ಸುಳ್ಳು ಹೇಳಿದರೆಂದು ನಂಬಿದ್ದಾಳೆ. ಸುಳ್ಳು ಹೇಳಿದ್ದು ತಾತನಲ್ಲ, ಹೆಡ್ಮಾಸ್ಟರು. ಅದು ಗೊತ್ತಿದ್ದವರು ಲೋಕದಲ್ಲಿ ಇಬ್ಬರೇ. ಒಬ್ಬರು ಈಗ ಇಲ್ಲ. ಇನ್ನೊಬ್ಬರ ಮಾತನ್ನು ಅವಳು ತೆಗೆದುಕೊಳ್ಳುವುದಿಲ್ಲ.

ಬೈಂಡರಿಗೂ ಹೆಡ್ಮಾಸ್ಟರಿಗೂ ಸ್ನೇಹ ಬೆಳೆದದ್ದು ಹರಿದ ಪುಸ್ತಕಗಳಿಂದ. ಶಾಲೆಯ ಲೈಬ್ರರಿಯಲ್ಲಿ ಮಕ್ಕಳ ಕೈಗೆ ಸಿಕ್ಕಿ ಜೀರ್ಣವಾದ ಪುಸ್ತಕಗಳನ್ನೆಲ್ಲ ಹೊಲಿದು ಕೊಡುತ್ತಿದ್ದವರು ಬೈಂಡರು. ಹೊತ್ತು ಇಳಿದ ಮೇಲೆ ಇಬ್ಬರೂ ನೀರಿನ ಟ್ಯಾಂಕಿನ ಕೆಳಗಿನ ಉದ್ಯಾನದಲ್ಲಿ ನಾಲ್ಕು ಸುತ್ತು ಹಾಕಿ, ಒಂದು ಕಾಲು ಗಿಡ್ಡವಾಗಿದ್ದ ಸಿಮೆಂಟ್ ಬೆಂಚಿನ ಮೇಲೆ ಕೂರುತ್ತಿದ್ದರು. ಹೆಡ್ಮಾಸ್ಟರಿಗೆ ಕಚೇರಿಯ ಕುರ್ಚಿಯಲ್ಲಿ ಕೂತಾಗ ಯಾವ ತೀರ್ಮಾನವೂ ಹೊಳೆಯುತ್ತಿರಲಿಲ್ಲ. ಬೆಂಚಿನ ಮೇಲೆ ಕೂತರೆ ಎಲ್ಲವೂ ಸಲೀಸು. ಜವಾನನ ರಜೆ, ಗೋಡೆಗೆ ಸುಣ್ಣ, ಯಾವ ಮಗುವನ್ನು ಯಾವ ವಿಭಾಗಕ್ಕೆ ಹಾಕಬೇಕು ಎಲ್ಲವೂ ಅಲ್ಲೇ ಇತ್ಯರ್ಥ. "ಕಾಗದದ ಕೆಲಸ ಆಮೇಲಾಯ್ತು. ಇಲ್ಲಿ ಆಗಿದೆ ಅಂದ್ರೆ ಆಗಿದೆ," ಎನ್ನುತ್ತಿದ್ದರು. ಶಾಲೆಯಲ್ಲಿ ಏನಾದರೂ ಆಗಬೇಕಿದ್ದರೆ ಜವಾನ ಬೈಂಡರ ಮನೆಯ ಮುಂಭಾಗದಲ್ಲಿದ್ದ ಅಂಗಡಿಗೇ ಬಂದು, "ಬೆಂಚಿನ ಅಪ್ಪಣೆ ಆಯ್ತಾ ಯಜಮಾನ್ರೇ?" ಎಂದು ಕಣ್ಣು ಮಿಟುಕಿಸಿ ಕೇಳುತ್ತಿದ್ದ. ಬೈಂಡರಿಗೆ ಒಳಗೊಳಗೇ ಹೆಮ್ಮೆ. ಓದು ನಾಲ್ಕಕ್ಕೇ ನಿಂತವರು. ಶಾಲೆಯೊಂದು ತಮ್ಮ ಪಕ್ಕದಲ್ಲಿ ಕೂತು ನಡೆಯುವುದೆಂದರೆ ಸಣ್ಣ ಮಾತೇ?

ತರಗತಿಯಲ್ಲಿ ಇರುವೆಯ ಪಕ್ಕದಲ್ಲಿ ಕೂರುತ್ತಿದ್ದ ಗೆಳತಿಗೆ ಕಿವಿ ಕೇಳುತ್ತಿರಲಿಲ್ಲ. ತುಟಿ ನೋಡಿ ಪಾಠ ಹಿಡಿಯುತ್ತಿದ್ದಳು, ಚುರುಕಾದ ಹುಡುಗಿ. ಆದರೆ ಗಂಟೆ ಹೊಡೆದದ್ದು ಅವಳಿಗೆ ಗೊತ್ತಾಗುತ್ತಿರಲಿಲ್ಲ. ಒಂದು ಸಂಜೆ ಪ್ರಯೋಗಶಾಲೆಯ ಮೂಲೆಯಲ್ಲಿ ಸೂಕ್ಷ್ಮದರ್ಶಕದ ಮೇಲೆ ಕಣ್ಣಿಟ್ಟು ಕೂತಿದ್ದಾಗ ಗಂಟೆ ಹೊಡೆದು ಎಲ್ಲರೂ ಹೋದರು, ಮೇಷ್ಟ್ರು ಒಳಗೆ ನೋಡದೆ ಹೊರಗಿನಿಂದ ಬೀಗ ಹಾಕಿದರು. ಕಸ ಗುಡಿಸುವಾಕೆ ಬರುವವರೆಗೆ ಅವಳು ಗಾಜಿನ ಬಾಗಿಲು ಬಡಿಯುತ್ತ ನಿಂತಿದ್ದಳಂತೆ. ಮಾರನೆಯ ದಿನದಿಂದ ಇರುವೆಗೆ ಊಟ ರುಚಿಸಲಿಲ್ಲ. ಕೆಟ್ಟ ರೇಡಿಯೊ, ಮುರಿದ ಆಟದ ಕಾರು, ಬಿಸ್ಕತ್ತಿನ ಡಬ್ಬ ಎಲ್ಲವನ್ನೂ ಮುಂದೆ ಹರವಿಕೊಂಡು ಕೂತಳು. ಬಟ್ಟೆ ಅಂಟಿಸುವ ಮೇಜಿನ ಅರ್ಧ ಭಾಗ ಅವಳ ವಶವಾಯಿತು.

ಬೈಂಡರು ಆ ವಿಷಯವನ್ನು ಬೆಂಚಿನ ಮೇಲೆ ಎತ್ತಿದರು.

"ಏನು ಮಾಡ್ತಾಳಂತೆ ನಿಮ್ಮ ಇಂಜಿನಿಯರಮ್ಮ?" ಎಂದು ಹೆಡ್ಮಾಸ್ಟರು ಕೇಳಿದರು.

"ಗಂಟೆ ಹತ್ರ ಒಂದು ಡಬ್ಬ ಇಡ್ತಾಳಂತೆ. ಗಂಟೆ ಹೊಡೆದ್ರೆ ಅದಕ್ಕೆ ಕೇಳ್ಸುತ್ತೆ. ಆ ಹುಡುಗಿ ಡೆಸ್ಕ್ ಮೇಲೆ ಇನ್ನೊಂದು ಚಿಕ್ಕದು. ಅದರಲ್ಲಿ ಕೆಂಪು ದೀಪ ಹತ್ಕೊಳ್ಳುತ್ತೆ. ನಡುವೆ ತಂತಿ ಗಿಂತಿ ಏನೂ ಇಲ್ಲ."

"ತಂತಿ ಇಲ್ದೇ ಹೇಗೆ?"

"ನನ್ನ ಕೇಳಿದ್ರೆ? ನನಗೆ ಗೊತ್ತಿರೋದು ಅಂಟು."

ಹೆಡ್ಮಾಸ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಗಿಡ್ಡ ಕಾಲಿನ ಬೆಂಚು ಅಲುಗಿತು. "ಮಾಡ್ಲಿ ಬಿಡಿ. ಒಳ್ಳೇ ಕೆಲಸ. ನಮ್ಮಿಂದಾಗದ್ದು ಒಂದು ಮಗುವಿನಿಂದಾದರೂ ಆಗ್ಲಿ. ಗಂಟೆ ಕಂಬದ ಹಿಂದೆ ಕಟ್ಕೊಳ್ಲಿ, ನಾನು ಹೇಳ್ದೆ ಅಂತ ಹೇಳಿ."

"ಎರಡು ಸಾಲು ಏನಾದ್ರೂ ಬರ್ಕೊಡ್ತೀರಾ?"

"ನಮ್ಮಿಬ್ಬರ ನಡುವೆ ಬರವಣಿಗೆಯಾ? ಬೆಂಚಿನ ಮೇಲೆ ಆಯ್ತಲ್ಲ."

ಮನೆಗೆ ಬಂದು ಬೈಂಡರು ಮೊಮ್ಮಗಳಿಗೆ ಹೇಳಿದರು. ಅವಳು, "ಸರ್ ನಿಜವಾಗ್ಲೂ ಒಪ್ಪಿದ್ರಾ ತಾತ? ನಾನೂ ಒಂದ್ಸಲ ಹೋಗಿ ಕೇಳ್ಲಾ?" ಎಂದಳು. "ನಾನು ಕೇಳಿದ ಮೇಲೆ ನೀನ್ಯಾಕೆ ಕೇಳೋದು? ನನ್ನ ಮಾತು ಅಂದ್ರೆ ಅವರ ಮಾತು," ಎಂದರು ಅವರು. ಅವಳು ಓಡಿಬಂದು ಅಂಟು ಹತ್ತಿದ ಅವರ ಅಂಗಿಗೇ ಮುಖ ಒರಗಿಸಿದಳು.

ಡಬ್ಬ ಒಂದು ವಾರ ಯಾರ ಕಣ್ಣಿಗೂ ಬೀಳದೆ ಕೆಲಸ ಮಾಡಿತು. ಗೆಳತಿ ಎಲ್ಲರ ಜೊತೆಗೇ ಎದ್ದು ಪುಸ್ತಕ ಜೋಡಿಸುತ್ತಿದ್ದಳು. ಒಂದು ದಿನ ಆಡಳಿತ ಮಂಡಳಿಯ ಕಾರ್ಯದರ್ಶಿ ಯಾರೋ ಅತಿಥಿಗಳಿಗೆ ಶಾಲೆ ತೋರಿಸಿಕೊಂಡು ಬರುತ್ತಿದ್ದವರು ಗಂಟೆಯ ಕಂಬದ ಹಿಂದೆ ಕಪ್ಪು ಟೇಪು ಸುತ್ತಿದ ಡಬ್ಬವನ್ನೂ ಅದರಿಂದ ಹೊರಗೆ ಚಾಚಿದ ಆಂಟೆನಾ ತಂತಿಯನ್ನೂ ಮಿಣುಕುವ ಚುಕ್ಕೆ ದೀಪವನ್ನೂ ಕಂಡರು. ಕಂಡವರು ಯಾರನ್ನೂ ಕೇಳಲಿಲ್ಲ. ಅತಿಥಿಗಳನ್ನು ಬಿಟ್ಟು ಓಡಿದರು. ಓಡುತ್ತಲೇ ಪೊಲೀಸರಿಗೆ ಫೋನ್ ಮಾಡಿದರು. ಸ್ವಲ್ಪ ಹೊತ್ತಿಗೆ ಶಾಲೆಯ ಮಕ್ಕಳೆಲ್ಲ ಬಿಸಿಲಿನ ಮೈದಾನದಲ್ಲಿ. ಗೇಟಿನ ಹೊರಗೆ ಎದೆ ಬಡಿದುಕೊಳ್ಳುವ ತಾಯಂದಿರು. ಅಂಗಳದಲ್ಲಿ ದಪ್ಪ ಕವಚ ತೊಟ್ಟ ಬಾಂಬ್ ದಳದ ಇಬ್ಬರು. ಕೂಗಾಟ ಕೇಳಿಸದೆ ಎಲ್ಲರಿಗಿಂತ ಕೊನೆಗೆ ಹೊರಬಂದವಳು ಆ ಗೆಳತಿ.

ಇರುವೆ ಸಾಲು ಬಿಟ್ಟು ಓಡಿಬಂದು, "ಅದು ನಂದು ಸರ್, ಅದೊಂದು ದೀಪ ಅಷ್ಟೇ, ನಿಮಗೆ ಗೊತ್ತಲ್ಲ ಸರ್," ಎಂದು ಹೆಡ್ಮಾಸ್ಟರ ಮುಂದೆ ನಿಂತಳು. ಹೆಡ್ಮಾಸ್ಟರು ಕಾರ್ಯದರ್ಶಿಯ ಕಡೆ ನೋಡಿದರು. ಪೊಲೀಸಮ್ಮ ಹುಡುಗಿಯ ರಟ್ಟೆ ಹಿಡಿದು ಕಚೇರಿಯೊಳಗೆ ಕರೆದೊಯ್ದಳು. ಅಂಗಳದಲ್ಲಿ ಡಬ್ಬಕ್ಕೆ ದೂರದಿಂದ ರಭಸದ ನೀರು ಹೊಡೆದರು. ಅದು ಒಡೆದು ಎರಡು ಬ್ಯಾಟರಿ, ಗುಂಡಿಯಷ್ಟಗಲದ ಒಂದು ಮೈಕು, ಆಟದ ಕಾರಿನ ಹೊಟ್ಟೆಯ ಸಾಮಾನು ಹೊರಬಿದ್ದವು. ಪೊಲೀಸರ ಹಿರಿಯ ನಕ್ಕು, "ಮಕ್ಕಳನ್ನ ಒಳಗೆ ಕಳ್ಸಿ ಸ್ವಾಮಿ, ಪಾಪ ಬಿಸಿಲು," ಎಂದು ಜೀಪು ಹತ್ತಿದರು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅಷ್ಟು ಜನರ ಮುಂದೆ ಓಡಿದ ಕಾರ್ಯದರ್ಶಿಗೆ ಓಡಿದ್ದಕ್ಕೊಂದು ಕಾರಣ ಬೇಕಿತ್ತು. "ಬಾಂಬಲ್ಲ, ಸರಿ. ಮೈಕ್ ಯಾಕಿದೆ ಇದರಲ್ಲಿ? ಯಾರ ಮಾತು ಕದ್ದು ಕೇಳೋಕೆ?" ಎಂದರು. ಹೊತ್ತು ಮುಳುಗುವುದರೊಳಗೆ ಬಿಸ್ಕತ್ತಿನ ಡಬ್ಬ ಬಾಂಬಿನಿಂದ ಗುಟ್ಟು ಕದಿಯುವ ಯಂತ್ರವಾಯಿತು.

ಮಾರನೆಯ ದಿನ ಬೈಂಡರು, ಸೊಸೆ, ಇರುವೆ ಮೂವರನ್ನೂ ಕಚೇರಿಗೆ ಕರೆಸಿದರು. ಮಗ ದೂರದ ಬಸ್ಸಿನ ಚಾಲಕ, ಊರಲ್ಲಿರಲಿಲ್ಲ. ಬೈಂಡರಿಗೆ ಭಯವೇನೂ ಇರಲಿಲ್ಲ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ದಾರಿಯಲ್ಲಿ ಸೊಸೆಗೆ, "ಅಳಬೇಡಮ್ಮ, ನಮ್ಮವರೇ ಇದ್ದಾರಲ್ಲ ಒಳಗೆ," ಎಂದು ಧೈರ್ಯ ಹೇಳಿಕೊಂಡೇ ಹೋದರು.

"ಯಾರ ಅಪ್ಪಣೆ ತಗೊಂಡೆ?" ಎಂದು ಕಾರ್ಯದರ್ಶಿ ಕೇಳಿದರು.

"ಹೆಡ್ಮಾಸ್ಟರ್ ಸರ್ ಅಪ್ಪಣೆ," ಎಂದಳು ಇರುವೆ. ಅವಳ ದನಿಯಲ್ಲೂ ಭಯವಿರಲಿಲ್ಲ.

ಕಾರ್ಯದರ್ಶಿ ಪಕ್ಕಕ್ಕೆ ತಿರುಗಿದರು. ಹೆಡ್ಮಾಸ್ಟರು ಕನ್ನಡಕ ತೆಗೆದು ಕರವಸ್ತ್ರದಲ್ಲಿ ಒರೆಸತೊಡಗಿದರು. ಒರೆಸುತ್ತಲೇ, "ನನ್ನ ಗಮನಕ್ಕೆ ಬಂದಿಲ್ಲ," ಎಂದರು.

ಬೈಂಡರು ಫ್ಯಾನಿನ ಸದ್ದಿನಲ್ಲಿ ತಮಗೆ ಸರಿಯಾಗಿ ಕೇಳಿಸಲಿಲ್ಲವೆಂದುಕೊಂಡು ಎದ್ದು ನಿಂತರು. "ಸರ್, ಆವತ್ತು ಬೆಂಚಿನ ಮೇಲೆ ನಾನು ಕೇಳ್ಲಿಲ್ವಾ? ಕಂಬದ ಹಿಂದೆ ಕಟ್ಕೊಳ್ಲಿ ಅಂದ್ರಲ್ಲ ನೀವು?"

"ಸಂಜೆ ಕೂತು ನಾವು ನೂರೆಂಟು ಮಾತಾಡ್ತೀವಿ," ಎಂದು ಹೆಡ್ಮಾಸ್ಟರು ಕಾರ್ಯದರ್ಶಿಗೆ ಹೇಳಿದರು, ಬೈಂಡರಿಗಲ್ಲ. "ಇವರಿಗೂ ವಯಸ್ಸಾಯ್ತು. ಏನೋ ಒಂದು ಅಂದ್ಕೊಂಡಿರ್ತಾರೆ. ಮೊಮ್ಮಗಳ ಮೇಲಿನ ಪ್ರೀತಿ."

ಹೆಡ್ಮಾಸ್ಟರನ್ನು ಇನ್ನೆರಡು ವರ್ಷ ಅದೇ ಕುರ್ಚಿಯಲ್ಲಿ ಮುಂದುವರಿಸುವುದೋ ಬಿಡುವುದೋ ಎಂಬುದು ಆ ತಿಂಗಳು ಕಾರ್ಯದರ್ಶಿಯ ಕೈಯಲ್ಲಿತ್ತು. ಅದು ಬೈಂಡರಿಗೆ ಗೊತ್ತಿತ್ತು. ಅದನ್ನೂ ಬೆಂಚಿನ ಮೇಲೆಯೇ ಕೇಳಿದ್ದರು. ಗೊತ್ತಿದ್ದರಿಂದ ನೋವೇನೂ ಕಡಿಮೆಯಾಗಲಿಲ್ಲ. ಇಷ್ಟು ವರ್ಷ ಒಟ್ಟಿಗೆ ನಡೆದ ಮನುಷ್ಯ ತಮ್ಮನ್ನು ಅರಳುಮರಳಿನ ಮುದುಕನೆಂದು ಮೊಮ್ಮಗಳ ಎದುರಿಗೇ ಹೇಳಿಬಿಟ್ಟ. ಅವರು ಕೂರುವಾಗ ಕುರ್ಚಿಯ ಕೈ ತಡವಿ ಹಿಡಿಯಬೇಕಾಯಿತು. ನೋಡುವವರಿಗೆ ಅದು ಅರಳುಮರಳಿನ ಹಾಗೆಯೇ ಕಂಡಿರಬೇಕು.

ಇರುವೆಗೆ ಪ್ರಯೋಗಶಾಲೆಯ ಬಾಗಿಲು ಮುಚ್ಚಿತು. ಬೆಳಗಿನ ಸಭೆಯಲ್ಲಿ ಎಲ್ಲರ ಮುಂದೆ ನಿಂತು, ಯಾರ ಅಪ್ಪಣೆಯೂ ಇಲ್ಲದೆ ತಾನು ಯಂತ್ರ ಇಟ್ಟದ್ದು ತಪ್ಪೆಂದು ಹೇಳಿ ಕ್ಷಮೆ ಕೇಳಬೇಕಾಯಿತು. ಕೇಳಿದಳು. ಸಾಲಿನ ಹಿಂದಿನಿಂದ ಯಾರೋ, "ದೂರ ನಿಂತ್ಕೊಳ್ರೋ, ಬಾಂಬಮ್ಮ ಸಿಡಿದಾಳು," ಎಂದರಂತೆ. ಅಂದು ಮನೆಗೆ ಬಂದವಳು ಮೇಜಿನ ತನ್ನ ಅರ್ಧವನ್ನು ಖಾಲಿ ಮಾಡಿ, ಬಟ್ಟೆಯಿಂದ ಒರೆಸಿ, ತಾತನ ಕಡೆ ನೋಡದೆ ಕೇಳಿದಳು:

"ನೀನು ಕೇಳೇ ಇರ್ಲಿಲ್ಲ ಅಲ್ವಾ ತಾತ?"

"ಕೇಳಿದ್ದೆ ಕಂದ."

"ಹಾಗಾದ್ರೆ ಸರ್ ಸುಳ್ಳು ಹೇಳಿದ್ರಾ?"

"ಹೌದು."

"ಸರ್ ಸುಳ್ಳು ಹೇಳಲ್ಲ," ಎಂದಳು ಅವಳು. "ಮರ್ತುಹೋಯ್ತು, ಕೇಳ್ಲಿಲ್ಲ ಅಂತ ನೀನು ಆಗ್ಲೇ ಹೇಳಿದ್ರೆ ನಾನೇ ಹೋಗಿ ಕೇಳ್ತಿದ್ದೆ. ನನಗೇನೂ ಬೇಜಾರಾಗ್ತಿರ್ಲಿಲ್ಲ."

ಸರ್ ಸುಳ್ಳು ಹೇಳುವುದಿಲ್ಲವೆಂದು ಅವಳಿಗೆ ಕಲಿಸಿದವರು ತಾವೇ. ಚಿಕ್ಕಂದಿನಿಂದ ಊಟಕ್ಕೆ ಕೂತಾಗಲೆಲ್ಲ ಹೆಡ್ಮಾಸ್ಟರ ಗುಣಗಾನ. ಈಗ ಯಾವ ಬಾಯಿಂದ ಬೇರೆ ಹೇಳುವುದು? ಆ ಸಂಜೆಯಿಂದ ಬೈಂಡರು ಉದ್ಯಾನಕ್ಕೆ ಹೋಗಲಿಲ್ಲ. ಒಮ್ಮೆ ಟ್ಯಾಂಕಿನ ಪಕ್ಕದ ರಸ್ತೆಯಲ್ಲಿ ಬರುವಾಗ ಹೆಡ್ಮಾಸ್ಟರು ಬೆಂಚಿನ ಮೇಲೆ ಒಬ್ಬರೇ ಕೂತಿದ್ದು ಕಂಡಿತು. ಎಂದಿನಂತೆ ಬಲಗಡೆಗೆ ಜಾಗ ಬಿಟ್ಟುಕೊಂಡು ಕೂತಿದ್ದರು. ಬೈಂಡರು ರಸ್ತೆಯ ಆಚೆ ಬದಿಗೆ ದಾಟಿದರು. ಬರಲಿ, ತಾನೇ ನಮ್ಮ ಮನೆಗೆ ಬಂದು ಆ ಮಗುವಿನ ಮುಂದೆ ಒಂದು ಮಾತು ಹೇಳಲಿ, ಆಮೇಲೆ ಬೆಂಚು ಎಂದು ಮನಸ್ಸಿನಲ್ಲಿ ಹಟ ಹಿಡಿದಿದ್ದರು. ಬಂದೇ ಬರುತ್ತಾರೆ ಎಂದು ನಂಬಿಯೂ ಇದ್ದರು. ಆ ನಂಬಿಕೆಗೇ ಈ ಬೆಳಿಗ್ಗೆ ಜವಾನ ಟೊಪ್ಪಿಗೆ ತೆಗೆದದ್ದು.

ಸೊಸೆ ಔಷಧಿ ಅಂಗಡಿಯ ಕೆಲಸಕ್ಕೆ ಹೊರಟಿದ್ದಳು. ಸುದ್ದಿ ಕೇಳಿ ಚೀಲ ಕೆಳಗಿಟ್ಟು, "ಹೋಗ್ತೀರಾ ಮಾವ?" ಎಂದು ಮೆಲ್ಲಗೆ ಕೇಳಿದಳು. ಹೋಗುವುದಿಲ್ಲ ಎಂದರೆ ಅವಳಿಗೆ ಸಮಾಧಾನವಾಗುತ್ತಿತ್ತೇನೋ.

"ಹೋಗದೇ ಇರೋದು ಹೇಗಮ್ಮ?"

ಒಳಗಿನಿಂದ ಇರುವೆ ತಲೆ ಬಾಚಿಕೊಂಡು ಬಂದಳು. ಕಣ್ಣು ಕೆಂಪಾಗಿತ್ತು. "ನಾನೂ ಬರ್ತೀನಿ," ಎಂದಳು. ತಾತನಿಗಲ್ಲ, ಅಮ್ಮನಿಗೆ.

ದಾರಿಯುದ್ದಕ್ಕೂ ಅವಳು ಎರಡು ಹೆಜ್ಜೆ ಮುಂದೆಯೇ ನಡೆದಳು. ಮೊದಲಾಗಿದ್ದರೆ ರಸ್ತೆ ದಾಟುವಾಗ ತಾತನ ತೋಳು ಹಿಡಿಯುತ್ತಿದ್ದಳು. ಈಗಲೂ ರಸ್ತೆಯ ಅಂಚಿನಲ್ಲಿ ನಿಂತು, ಅವರು ಬಂದು ಸೇರುವವರೆಗೆ ಕಾದು, ಅವರ ನಡಿಗೆಗೆ ತಕ್ಕಂತೆ ನಿಧಾನವಾಗಿ ದಾಟಿದಳು. ಕೈ ಮಾತ್ರ ಹಿಡಿಯಲಿಲ್ಲ.

ಹೆಡ್ಮಾಸ್ಟರ ಮನೆಯ ಮುಂಗೋಣೆಯಲ್ಲಿ ನೆರೆಮನೆಗಳಿಂದ ತಂದ ಬೇರೆ ಬೇರೆ ಬಣ್ಣದ ಕುರ್ಚಿಗಳನ್ನು ಗೋಡೆಯುದ್ದಕ್ಕೂ ಹಾಕಿದ್ದರು. ನಡುವೆ ಮಂಚ. ಬಿಳಿಯ ಹೊದಿಕೆ ಕತ್ತಿನವರೆಗೆ. ಮುಖದ ಒಂದು ಕೆನ್ನೆ ನುಣ್ಣಗಿತ್ತು, ಇನ್ನೊಂದರ ಮೇಲೆ ಬೂದು ಕೂದಲು ಹಾಗೇ ಉಳಿದಿತ್ತು. ಉಳಿದದ್ದನ್ನು ತೆಗೆಯಲು ಯಾರಿಗೂ ಕೈಬಂದಿರಲಿಲ್ಲ. ಬೈಂಡರು ಮಂಚದ ಕಾಲಿನ ಹತ್ತಿರ ನಿಂತು ಆ ಎರಡು ಕೆನ್ನೆಗಳನ್ನೂ ನೋಡಿದರು. ಏನಾದರೂ ಹೇಳುವುದಿತ್ತೇ ನಿಮಗೆ, ಎಂದು ಕೇಳಬೇಕೆನಿಸಿತು.

"ಬಂದ್ರಾ ಅಣ್ಣ," ಎಂದು ಹೆಡ್ಮಾಸ್ಟರ ಹೆಂಡತಿ ನೆಲದಿಂದ ಏಳಲು ನೋಡಿದರು. ಆಗಲಿಲ್ಲ. ಬೈಂಡರು ಅವರ ಪಕ್ಕದಲ್ಲೇ ಚಾಪೆಯ ಮೇಲೆ ಕೂತರು. ಇರುವೆ ಅವರ ಹಿಂದೆ ಕೂತಳು.

"ನೀವು ಬರೋವರೆಗೂ ನನಗೆ ನಿಜ ಅನ್ನಿಸಿರ್ಲಿಲ್ಲ. ಈಗ ಅನ್ನಿಸ್ತಿದೆ," ಎಂದು ಆಕೆ ಅತ್ತರು. ಅತ್ತು ಮುಗಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, "ಕೊನೆ ದಿನಗಳಲ್ಲಿ ನೀವು ಜೊತೆಗಿರ್ಲಿಲ್ಲ ಅಂತ ನೊಂದ್ಕೋಬೇಡಿ. ದಿನಾ ಒಬ್ರೇ ಬೆಂಚಿಗೆ ಹೋಗಿ ಬೇಗ ವಾಪಸ್ ಬರೋರು. ಯಾಕೇ ಅಂದ್ರೆ, ಬೈಂಡರಿಗೆ ಯಾವುದೋ ದೊಡ್ಡ ಲೈಬ್ರರಿ ಕೆಲಸ ಬಂದಿದೆ, ತಲೆ ಎತ್ತೋಕೆ ಪುರುಸೊತ್ತಿಲ್ಲ ಪಾಪ, ಮುಗಿಸಿ ಬರ್ತಾರೆ ಅನ್ನೋರು. ಮುಗೀತಾ ಅಣ್ಣ ಕೆಲಸ?" ಎಂದರು.

ಅಂಥ ಕೆಲಸ ಯಾವುದೂ ಬಂದಿರಲಿಲ್ಲ. ಅಂಗಡಿಯಲ್ಲಿ ವಾರಕ್ಕೊಂದು ಪುಸ್ತಕ ಬಂದರೆ ಹೆಚ್ಚು. ಅದು ಇರುವೆಗೂ ಗೊತ್ತು.

"ಇನ್ನೂ ಸ್ವಲ್ಪ ಇದೆ ತಾಯಿ," ಎಂದರು ಬೈಂಡರು.

ಹಿಂದೆ ಕೂತಿದ್ದವಳು ಅಲುಗಿದ್ದು ಚಾಪೆಯ ಸದ್ದಿನಿಂದ ತಿಳಿಯಿತು. ಎಷ್ಟು ಸಲೀಸಾಗಿ ಬಂತು ಸುಳ್ಳು ಎಂದು ಅವರಿಗೇ ಆಶ್ಚರ್ಯವಾಯಿತು. ಅವಳಿಗೆ ಆಶ್ಚರ್ಯವಾಗಿರಲಾರದು.

ಕಾರ್ಯದರ್ಶಿ ದೊಡ್ಡ ಹೂವಿನ ಹಾರದೊಂದಿಗೆ ಬಂದರು. ಹಾರ ಇಟ್ಟು, ತುಸು ಹೊತ್ತು ಕೈಕಟ್ಟಿ ನಿಂತು, ಎತ್ತರದ ಕುರ್ಚಿಯೊಂದನ್ನು ಆರಿಸಿ ಕೂತರು. ಸಾವಿನ ಮನೆಯಲ್ಲಿ ಯಾರಾದರೂ ಮಾತಾಡಬೇಕೆಂದು ಎಲ್ಲರೂ ಕಾಯುತ್ತಿರುವ ಹೊತ್ತು ಅದು. ಅವರು ಮಾತಾಡಿದರು.

"ಶಿಸ್ತಿನ ಮನುಷ್ಯ. ಇನ್ನೆರಡು ವರ್ಷ ಇವರನ್ನೇ ಇಟ್ಕೊಳ್ಳೋಣ ಅಂತ ಮೊನ್ನೆ ತಾನೇ ಸಹಿ ಮಾಡಿದ್ದೆ. ಆ ಡಬ್ಬದ ಗಲಾಟೆ ಆಯ್ತಲ್ಲ, ಬೇರೆಯವರಾಗಿದ್ರೆ ಮುಚ್ಚಿಹಾಕ್ತಿದ್ರು. ಇವರು ಯಾರ ಮುಲಾಜೂ ನೋಡ್ಲಿಲ್ಲ. ಬಹಳ ಹತ್ತಿರದವರ ಮುಲಾಜೂ ನೋಡ್ಲಿಲ್ಲ." ಇಷ್ಟು ಹೇಳಿ ಬೈಂಡರತ್ತ ನೋಡದೆ ನೋಡಿದರು.

ಕುರ್ಚಿಗಳಲ್ಲಿದ್ದವರು ತಲೆದೂಗಿದರು. ಯಾವ ಡಬ್ಬ, ಏನು ಗಲಾಟೆ ಎಂದು ಹೆಂಡತಿಗೆ ಸರಿಯಾಗಿ ತಿಳಿದಂತಿರಲಿಲ್ಲ. ಆದರೆ ಗಂಡನ ಹೊಗಳಿಕೆ ಕೇಳಿ ಆಕೆಯ ಕುಗ್ಗಿದ ಬೆನ್ನು ನೆಟ್ಟಗಾಯಿತು.

"ಬೇರೆ ಏನಿಲ್ಲದಿದ್ರೂ ಒಂದು ಮಾತ್ರ ನಿಜ. ಒಂದು ಮಾತು ಕೊಟ್ರೆ ಮುಗೀತು. ಪ್ರಾಣ ಹೋದ್ರೂ ತಪ್ಪಿದವರಲ್ಲ ನಮ್ಮನೆಯವರು." ಆಕೆ ಬೈಂಡರ ಕೈ ಹಿಡಿದುಕೊಂಡರು. "ನಾನು ಹೆಂಡತಿ, ನಾನು ಹೇಳಿದ್ರೆ ಜನ ನಂಬಲ್ಲ. ನೀವು ಹೇಳಿ ಅಣ್ಣ. ಇವರೆಲ್ಲರ ಮುಂದೆ ಹೇಳಿ. ಆಡಿದ ಮಾತಿಗೆ ತಪ್ಪಿದ್ದುಂಟಾ ಇವರು?"

ಕಾರ್ಯದರ್ಶಿ ಹೆಗಲ ಮೇಲಿನ ಹೂವಿನ ಎಸಳೊಂದನ್ನು ತೆಗೆದು ಹಾಕಿದರು. ಬೈಂಡರು ಹಿಂದಕ್ಕೆ ತಿರುಗಿ ನೋಡಿದರು, ನೋಡಬಾರದಿತ್ತು. ಇರುವೆ ಮಂಚದ ಮೇಲಿದ್ದವರನ್ನು ನೋಡುತ್ತಿರಲಿಲ್ಲ, ತಾತನನ್ನೇ ನೋಡುತ್ತಿದ್ದಳು. ಎಷ್ಟೋ ದಿನಗಳ ಮೇಲೆ ಮೊದಲ ಸಲ ನೇರವಾಗಿ ನೋಡುತ್ತಿದ್ದಳು. ಆ ಕಣ್ಣಲ್ಲಿ ಸಿಟ್ಟಿರಲಿಲ್ಲ. ಹೇಳು ತಾತ, ಒಂದು ಸಲ ಹೇಳು, ನೀನು ಇಲ್ಲಿ ಇವರೆಲ್ಲರ ಮುಂದೆ ಹೇಳಿದರೆ ನಾನು ನಂಬುತ್ತೇನೆ ಎಂಬಂತಿತ್ತು.

ಹೇಳಲು ಎಷ್ಟು ಮಾತು ಬೇಕು? ತಪ್ಪಿದ್ದುಂಟು ತಾಯಿ, ಒಂದು ಸಲ. ಅಷ್ಟೇ ಸಾಕು. ಹೇಳಿದರೆ ಮೊಮ್ಮಗಳು ಸಿಗುತ್ತಾಳೆ. ಆದರೆ ಕೈ ಹಿಡಿದು ಕೂತ ಈಕೆಗೆ ಉಳಿದಿರುವುದು ಇದೊಂದು ಮಾತು, ಇಂದಿನಿಂದ ಒಬ್ಬಳೇ ಇರಬೇಕಾದ ಈ ಮನೆಯಲ್ಲಿ. ಮಂಚದ ಮೇಲಿನ ಮನುಷ್ಯನ ಮೇಲೆ ಅವರಿಗೆ ಎಂದೂ ಬಾರದಷ್ಟು ಕೋಪ ಬಂತು. ಬದುಕಿದ್ದಾಗ ಒಮ್ಮೆ ಕೈಬಿಟ್ಟೆ. ಸತ್ತು, ನಿನ್ನ ಪರವಾಗಿ ಸುಳ್ಳು ಹೇಳಲು ನನ್ನನ್ನೇ ಕೂರಿಸಿಟ್ಟು ಹೋದೆ.

ಆಕೆ ಅವರ ಕೈಯನ್ನು ಎರಡೂ ಕೈಗಳಿಂದ ಬಿಗಿಯಾಗಿ ಹಿಡಿದಿದ್ದರು.

"ಇಲ್ಲ ತಾಯಿ," ಎಂದರು. "ತಪ್ಪಿದ್ದಿಲ್ಲ."

ಆಕೆ ಕಣ್ಣು ಮುಚ್ಚಿ ತಲೆ ಆಡಿಸಿದರು. ಇರುವೆ ಎದ್ದಳು. ಯಾರನ್ನೂ ಮುಟ್ಟದೆ ಕುರ್ಚಿಗಳ ಸಾಲಿನ ಪಕ್ಕದಿಂದ ಬಾಗಿಲವರೆಗೆ ಹೋಗಿ, ಹೊಸಿಲಿನಾಚೆ ಬಗ್ಗಿ, ರಾಶಿ ಬಿದ್ದಿದ್ದ ಚಪ್ಪಲಿಗಳ ನಡುವೆ ತನ್ನದನ್ನು ಹುಡುಕತೊಡಗಿದಳು.

"ಎತ್ತೋ ಹೊತ್ತಾಯ್ತು," ಎಂದು ಯಾರೋ ಹೇಳಿದರು. ಹೆಂಡತಿ ಬೈಂಡರ ಕೈ ಬಿಡಲಿಲ್ಲ. "ನಾಲ್ಕು ಮಾತು ಪ್ರಾರ್ಥನೆ ನೀವೇ ಮಾಡಿ ಅಣ್ಣ. ನಿಮ್ಮ ಬಾಯಿಂದಾದ್ರೆ ಅವರಿಗೆ ತೃಪ್ತಿ."

ಬೈಂಡರು ಎದ್ದು ಮಂಚದ ತಲೆಯ ಕಡೆ ಹೋಗಿ ನಿಂತರು. ಎಲ್ಲರೂ ಎದ್ದರು. ಕುರ್ಚಿಗಳು ನೆಲಕ್ಕೆ ಉಜ್ಜಿದ ಸದ್ದು ಅಡಗುವವರೆಗೆ ಕಾದರು. ಇಂಥ ಹೊತ್ತಿನಲ್ಲಿ ಹೇಳುವ ಮಾತುಗಳು ಅವರಿಗೆ ಬಾಯಿಪಾಠ. ಈತ ಸತ್ಯವಂತನಾಗಿದ್ದ, ನುಡಿದಂತೆ ನಡೆದ ಎಂದು ಶುರುವಾಗಬೇಕು. ತುಟಿ ತೆರೆದರು, ಮೊದಲ ಪದ ನಾಲಗೆಯ ಮೇಲೆ ಬಂತು, ಅಲ್ಲೇ ನಿಂತಿತು. ಒಬ್ಬ ಹೆಂಗಸಿನ ಸಂಕಟ ನೋಡಿ ಆಡಿದ ಸುಳ್ಳು ಬೇರೆ. ಪ್ರಾರ್ಥನೆಯನ್ನು ಕೇಳಿಸಿಕೊಳ್ಳುವವನು ಬೇರೆ. ಅವನೆದುರು ಅವರು ಈ ವಯಸ್ಸಿನವರೆಗೆ ಒಮ್ಮೆಯೂ ಇಲ್ಲದ್ದನ್ನು ಇದೆ ಎಂದಿರಲಿಲ್ಲ.

ಮುದುಕರಿಗೆ ದುಃಖ ತಡೆಯಲಾಗುತ್ತಿಲ್ಲ ಎಂದು ಹಿಂದೆ ಯಾರೋ ಪಿಸುಗುಟ್ಟಿದರು. ಬಾಗಿಲ ಬಳಿ ಒಂದು ಚಪ್ಪಲಿ ಸಿಕ್ಕ ಹುಡುಗಿ ಇನ್ನೊಂದಕ್ಕೆ ತಡಕಾಡುತ್ತಿದ್ದಳು. ಬೈಂಡರು ಕೈಜೋಡಿಸಿ, ಮುಚ್ಚಿದ ಕಣ್ಣುಗಳಲ್ಲೇ, ಪಕ್ಕದಲ್ಲಿ ಕೂತವರೊಂದಿಗೆ ಮಾತಾಡುವಷ್ಟು ಮೆಲ್ಲನೆಯ ದನಿಯಲ್ಲಿ ಹೇಳಿದರು:

"ದೇವರೇ, ಈತ ನನ್ನ ಸ್ನೇಹಿತ. ಈತ ಹೆದರಿದ ದಿನ ಆ ಕೋಣೆಯಲ್ಲಿ ನಾನಿದ್ದೆ, ನೀನೂ ಇದ್ದೆ. ಅಂದು ಈತ ಆಡಿದ ಮಾತು ನನಗೂ ನಿನಗೂ ಗೊತ್ತು. ಅದನ್ನು ನೀನು ಇವನ ಮೇಲೆ ಹಿಡಿಯಬೇಡ. ನಾನು ಇನ್ನೂ ಹಿಡಿದುಕೊಂಡಿದ್ದೇನೆ, ಬಿಡಲು ನನ್ನ ಕೈಲಾಗುತ್ತಿಲ್ಲ. ನನ್ನ ಕೈ ಸಡಿಲುವವರೆಗೆ ಇವನನ್ನು ಕಾಯಿಸಬೇಡ. ಇವನು ದಣಿದಿದ್ದಾನೆ. ಇವನಿಗೆ ಶಾಂತಿ ಕೊಡು."